ಮುಂಬಯಿಯ ಹಬ್ಬದಡುಗೆಯೂ ಹೋಟೆಲಿನ ಊಟವೂ: ಒಂದು ವಿಮರ್ಶೆ

ಮುಂಬಯಿಯ ಊಟ ತಿಂಡಿಗಳನ್ನು ಕುರಿತು ಕನ್ನಡಿಗರು ಬರೆದಿರುವುದನ್ನೂ ಸಭೆಗಳಲ್ಲಿ ಆಡಿರುವುದನ್ನೂ ಒಟ್ಟುಗೂಡಿಸಿ ನೋಡಿದರೆ ಹೆಚ್ಚಾಗಿ ಎರಡು ಧ್ವನಿಗಳು ಕೇಳಿಬರುತ್ತವೆ. ಒಂದು ಹೆಮ್ಮೆಯದು: ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಲೋಟ ತೊಳೆದು, ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಓದಿ, ಕಡೆಗೆ ಈ ಮಹಾನಗರಕ್ಕೇ ಇಡ್ಲಿ ದೋಸೆಗಳ ರುಚಿ ಹತ್ತಿಸಿದರೆಂಬ ವಿಜಯದ ಕಥೆ. ಇನ್ನೊಂದು ಹಳಹಳಿಯದು: ಹೋಟೆಲು ಬೆಳೆದಂತೆ ಮನೆಯ ಒಲೆ ಆರಿತು, ಹಬ್ಬದ ಹೋಳಿಗೆಯೂ ಅಂಗಡಿಯ ಡಬ್ಬಿಯಲ್ಲಿ ಬರುವಂತಾಯಿತು, ಪೂರ್ವಿಕರ ರುಚಿ ಕೆಟ್ಟಿತು ಎಂಬ ದೂರು. ಈ ಎರಡು ಮಾತುಗಳನ್ನೂ ಒಬ್ಬನೇ ವಕ್ತಾರನು ಒಂದೇ ಭಾಷಣದಲ್ಲಿ ಆಡುವುದೂ ಅಪರೂಪವಲ್ಲ. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಹೋಟೆಲು ಮತ್ತು ಹಬ್ಬ ಇವೆರಡರ ನಡುವೆ ನಿಜವಾಗಿ ನಡೆದ ವ್ಯವಹಾರವೇನೆಂಬುದನ್ನು ಎರಡೂ ಪರೀಕ್ಷಿಸುವುದಿಲ್ಲ.

ಹಬ್ಬದಡುಗೆಯೆಂದರೆ ಹೆಚ್ಚು ಬೆಲೆಯ, ಹೆಚ್ಚು ತುಪ್ಪದ ಅಡುಗೆಯೆಂದು ಹೇಳಿದರೆ ಸಾಲದು. ಅದು ಮೊದಲನೆಯದಾಗಿ ಕಾಲಕ್ಕೆ ಕಟ್ಟುಬಿದ್ದ ಅಡುಗೆ. ಅರಿಸಿನದೆಲೆಯಲ್ಲಿ ಬೇಯಿಸಿದ ಕಡುಬು ನಾಗರಪಂಚಮಿಯದು, ಬೇವು ಬೆಲ್ಲ ಯುಗಾದಿಯದು, ಎಳ್ಳು ಬೆಲ್ಲ ಸಂಕ್ರಾಂತಿಯದು. ದಿನ ತಪ್ಪಿದರೆ ಪದಾರ್ಥ ಅದೇ ಆದರೂ ಅದರ ಅರ್ಥ ಅದೇ ಅಲ್ಲ. ಉಡುಪಿಯ ಮಠಗಳ ಪಾಕಪದ್ಧತಿಯಲ್ಲಿ ಈ ಕಾಲನಿಯಮವು ಒಂದು ಶಾಸ್ತ್ರದ ಮಟ್ಟಕ್ಕೇ ಏರಿತ್ತು. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ, ತರಕಾರಿ ನಿಷಿದ್ಧ. ಎರಡನೆಯ ತಿಂಗಳು ಮೊಸರು ನಿಷಿದ್ಧ. ಮೂರನೆಯ ತಿಂಗಳು ಹಾಲು. ನಾಲ್ಕನೆಯ ತಿಂಗಳು ದ್ವಿದಳ ಧಾನ್ಯಗಳು. ನೀರುಳ್ಳಿ ಬೆಳ್ಳುಳ್ಳಿಗಳಂತೂ ವರ್ಷವಿಡೀ ಹೊರಗೆ. ಬೇಳೆಯನ್ನೇ ಮುಟ್ಟದೆ ಸಾರು ಮಾಡಬೇಕು, ಮೊಸರಿಲ್ಲದೆ ಊಟವನ್ನು ಮುಗಿಸಬೇಕು ಎಂಬ ಇಕ್ಕಟ್ಟಿನಲ್ಲಿ ತಲೆಮಾರುಗಳ ಕಾಲ ಪಳಗಿದ ಕೈಗಳೇ ಮುಂದೆ ಮದರಾಸು, ಬೆಂಗಳೂರು, ಮುಂಬಯಿಗಳಲ್ಲಿ ಉಡುಪಿ ಅಡುಗೆಯೆಂಬ ಹೆಸರನ್ನು ಗಳಿಸಿದವು. ಕೊರತೆಯಲ್ಲಿ ಕಲಿತ ಜಾಣತನವೇ ಆ ಕೀರ್ತಿಯ ಮೂಲವೆಂಬುದನ್ನು ಹೊಗಳುಭಟ್ಟರು ಮರೆಯುತ್ತಾರೆ.

ಎರಡನೆಯದಾಗಿ, ಹಬ್ಬದೂಟಕ್ಕೆ ಒಂದು ಪಂಕ್ತಿಯಿತ್ತು. ಯಾರು ಎಲ್ಲಿ ಕುಳಿತುಕೊಳ್ಳಬೇಕು, ಯಾರಿಗೆ ಮೊದಲು ಬಡಿಸಬೇಕು, ಯಾರು ಅಂಗಳದಲ್ಲಿ ಕಾಯಬೇಕು, ಯಾರ ಪಾಲಿಗೆ ಉಳಿದದ್ದು ಹೋಗಬೇಕು ಎಂಬುದೆಲ್ಲ ಪಾಯಸದ ಸಿಹಿಯಷ್ಟೇ ಖಚಿತವಾಗಿ ಗೊತ್ತಾಗಿತ್ತು. ರುಬ್ಬಿ, ಬೇಯಿಸಿ, ಹೊಗೆ ಕುಡಿದ ಹೆಂಗಸರು ಎಲ್ಲರದೂ ಮುಗಿದ ಮೇಲೆ ಉಣ್ಣುತ್ತಿದ್ದರು. ಹಳೆಯ ರುಚಿಗಾಗಿ ಹಲುಬುವವರು ಈ ಪಂಕ್ತಿಯ ಯಾವ ತುದಿಯಲ್ಲಿ ಕುಳಿತಿದ್ದರೆಂದು ಕೇಳುವುದು ಅಪ್ರಸ್ತುತವಾಗಲಾರದು.

ಈ ಹಿನ್ನೆಲೆಯಲ್ಲಿ ಮಾಟುಂಗದ ಹೋಟೆಲುಗಳನ್ನು ನೋಡಬೇಕು. ದಕ್ಷಿಣದಿಂದ ಗುಮಾಸ್ತಿಕೆಗೂ ಬೆರಳಚ್ಚಿನ ಕೆಲಸಕ್ಕೂ ಬಂದವರು ಮಾಟುಂಗದಲ್ಲಿ ನೆಲೆಸತೊಡಗಿದಂತೆ ಅವರ ಹೊಟ್ಟೆಯನ್ನು ನಂಬಿ ೧೯೩೦ ಮತ್ತು ೪೦ರ ದಶಕಗಳಲ್ಲಿ ಕೆಫೆ ಮೈಸೂರು, ರಾಮಾಶ್ರಯ, ಕೆಫೆ ಮದ್ರಾಸ್ ಮೊದಲಾದವು ಹುಟ್ಟಿಕೊಂಡವು. ಎ. ರಾಮ ನಾಯಕರು ೧೯೪೨ರಲ್ಲಿ ಮಾಟುಂಗ ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಬಾಳೆಯೆಲೆಯ ಊಟಕ್ಕೆ ಅದು ಹೆಸರಾಯಿತು. ಮರುವರ್ಷವೇ, ೧೯೪೩ರಲ್ಲಿ, ಯುದ್ಧಕಾಲದ ಪಡಿತರ ಪದ್ಧತಿ ನಗರಕ್ಕೆ ಬಂತು. ಅಕ್ಕಿಯನ್ನು ಅಳೆದು ಕೊಡುವ ಕಾಲದಲ್ಲಿ ಅಕ್ಕಿಯನ್ನೇ ಆಧಾರವಾಗುಳ್ಳ ಒಂದು ಪಾಕಪದ್ಧತಿ ಈ ಊರಿನಲ್ಲಿ ಬೇರೂರಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಆ ಹೋಟೆಲುಗಳು ಮಾರಿದ್ದಾದರೂ ಏನನ್ನು? ಇಡ್ಲಿಯ ಪ್ರಾಚೀನತೆಯನ್ನು ಸಾರುವವರು ೧೦ನೆಯ ಶತಮಾನದ ವಡ್ಡಾರಾಧನೆಯಲ್ಲಿ ಬರುವ ‘ಇಡ್ಡಲಿಗೆ’ಯನ್ನೂ ೧೨ನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸವನ್ನೂ ತಪ್ಪದೆ ಉಲ್ಲೇಖಿಸುತ್ತಾರೆ. ಆ ಉಲ್ಲೇಖಗಳು ಸರಿಯೇ. ಆದರೆ ಅವುಗಳಿಂದ ಹೊರಡುವ ತೀರ್ಮಾನ ಬೇರೆ. ಮಾನಸೋಲ್ಲಾಸದ ಭಕ್ಷ್ಯಗಳು ಅರಮನೆಯವು. ಕನ್ನಡನಾಡಿನ ಬಹುಭಾಗದಲ್ಲಿ ರಾಗಿ, ಜೋಳ, ಗಂಜಿಗಳನ್ನು ಉಂಡು ಬದುಕಿದ ಜನಕ್ಕೆ ಇಡ್ಲಿ ದೋಸೆಗಳು ಇತ್ತೀಚಿನವರೆಗೂ ದೀಪಾವಳಿಯಂಥ ಹಬ್ಬದ ತಿಂಡಿಗಳಾಗಿದ್ದವು. ಅಕ್ಕಿ ಉದ್ದುಗಳ ದುಬಾರಿ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ರುಬ್ಬುಗಲ್ಲಿನ ಶ್ರಮ. ಹಿಂದಿನ ದಿನ ನೆನೆಹಾಕಿ, ಸಂಜೆಯಿಡೀ ರುಬ್ಬಿ, ಇರುಳು ಹುಳಿಬರಲು ಬಿಟ್ಟು, ಬೆಳಗ್ಗೆ ಬೇಯಿಸುವ ಪದಾರ್ಥವನ್ನು ದಿನನಿತ್ಯ ಮಾಡುವ ಬಿಡುವು ಯಾವ ಮನೆಯ ಹೆಂಗಸಿಗಿತ್ತು? ಹೋಟೆಲು ಮಾಡಿದ ಮೊದಲ ಕ್ರಾಂತಿ ಇಲ್ಲಿದೆ. ಅದು ಈ ಶ್ರಮವನ್ನು ಹೆಂಗಸಿನ ತೋಳಿನಿಂದ ಸಂಬಳದ ಆಳಿನ ತೋಳಿಗೆ, ಮುಂದೆ ವಿದ್ಯುತ್ತಿನ ರುಬ್ಬುಯಂತ್ರಕ್ಕೆ ವರ್ಗಾಯಿಸಿತು. ಮುಂಬಯಿಯ ಬೆಚ್ಚನೆಯ ಒದ್ದೆ ಹವೆ ಹಿಟ್ಟನ್ನು ಹುಳಿಬರಿಸಲು ಒತ್ತಾಸೆಯಾಯಿತು. ಹೀಗೆ ವರ್ಷಕ್ಕೆ ಎರಡು ಮೂರು ಸಲ ಕಾಣುತ್ತಿದ್ದ ಭಕ್ಷ್ಯವು ಬೆಳಗ್ಗೆ ಆರು ಗಂಟೆಗೆ, ಕೆಲವೇ ಆಣೆಗಳಿಗೆ, ಅವಸರದಲ್ಲಿ ರೈಲು ಹಿಡಿಯುವವನ ಮುಂದೆ ಬಂದು ಕುಳಿತಿತು. ಹಬ್ಬವು ತನ್ನ ತಾರೀಖನ್ನು ಕಳೆದುಕೊಂಡಿತು. ಆದರೆ ಅದನ್ನು ಉಣ್ಣುವ ಬಾಯಿಗಳು ನೂರುಪಟ್ಟು ಹೆಚ್ಚಿದವು. ಮನೆಯ ರುಚಿಯನ್ನು ಹೋಟೆಲು ಕೆಡಿಸಿತೆನ್ನುವವರು, ಬಹುಜನರ ಮನೆಯಲ್ಲಿ ಇಲ್ಲದಿದ್ದ ರುಚಿಯೊಂದನ್ನು ಅದು ಕೊಟ್ಟಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪಂಕ್ತಿಯ ವಿಷಯದಲ್ಲಿಯೂ ಹಾಗೆಯೇ. ಮದರಾಸಿನಲ್ಲಿ ಹೋಟೆಲಿನ ಹಲಗೆಯ ಮೇಲಿದ್ದ ‘ಬ್ರಾಹ್ಮಣ’ ಎಂಬ ಪದವನ್ನು ಅಳಿಸಲು ೧೯೫೭ರಲ್ಲಿ ಪೆರಿಯಾರರ ಅನುಯಾಯಿಗಳು ಚಳುವಳಿಯನ್ನೇ ಹೂಡಬೇಕಾಯಿತು. ಮುಂಬಯಿಯ ಹೋಟೆಲಿಗೆ ಬಂದ ಗಿರಾಕಿ ಗುಜರಾತಿ ವ್ಯಾಪಾರಿ, ಮರಾಠಿ ಗಿರಣಿ ಕೆಲಸಗಾರ, ಪಾರಸಿ ಗುಮಾಸ್ತ. ಇವರಲ್ಲಿ ಯಾರ ಕುಲವನ್ನು ಕೇಳಿ ಯಾರನ್ನು ಎಲ್ಲಿ ಕೂರಿಸುವುದು? ವ್ಯಾಪಾರದ ಒತ್ತಡವೇ ಇಲ್ಲಿ ಸಮಾಜ ಸುಧಾರಣೆಯ ಕೆಲಸ ಮಾಡಿತು. ಇಷ್ಟನ್ನು ಒಪ್ಪಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಹೋಟೆಲಿನ ಮುಂಬಾಗಿಲು ಎಲ್ಲರಿಗೂ ತೆರೆದಷ್ಟು ಬೇಗ ಒಳಗಣ ಒಲೆಯ ಮನೆ ತೆರೆಯಲಿಲ್ಲ. ಅಡುಗೆಗೆ ಒಂದು ಜಾತಿ, ಬಡಿಸಲು ಒಂದು ಜಾತಿ, ತೊಳೆಯಲು ಒಂದು ಜಾತಿ ಎಂಬ ವಿಂಗಡಣೆ ಬಹುಕಾಲ ಉಳಿಯಿತು. ವಿಜಯಗಾಥೆಯಲ್ಲಿ ಈ ಅಧ್ಯಾಯಕ್ಕೆ ಪುಟಗಳಿಲ್ಲ.

ಹೋಟೆಲು ಊರಿನ ನಾಲಿಗೆಗೆ ತಕ್ಕಂತೆ ಬಾಗಿದುದೂ ಸಹಜವೇ. ಸಾಂಬಾರಿಗೆ ಸಿಹಿ ಸೇರಿತು, ನೀರುಳ್ಳಿ ಬಂತು, ಪಾವ್ ಭಾಜಿ ಬಂತು, ಆಮೇಲೆ ಚೀನೀ ಹೆಸರಿನ ನೂಡಲ್ಸು ಬಂದು, ಅದರ ಮಸಾಲೆ ದೋಸೆಯ ಹೊಟ್ಟೆಯನ್ನೂ ಹೊಕ್ಕಿತು. ಇದರಲ್ಲಿ ಒಂದು ವಿನೋದವಿದೆ. ಮಠದ ಅಡುಗೆಯಿಂದ ಹೊರಟವರು ವ್ಯಾಪಾರಕ್ಕಾಗಿ ನೀರುಳ್ಳಿ ಬೆಳ್ಳುಳ್ಳಿಗಳನ್ನು ಒಳಗೆ ಬಿಟ್ಟುಕೊಂಡರು. ಕೆಲವು ದಶಕಗಳ ಮೇಲೆ ಜೈನ ಗಿರಾಕಿಗಳು ಅವೆರಡೂ ಇಲ್ಲದ, ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದ ಪಾವ್ ಭಾಜಿಯನ್ನು ಕೇಳತೊಡಗಿದರು. ಹಳೆಯ ನಿಷೇಧವು ಬೇರೆಯ ಧರ್ಮದ ಬಾಯಲ್ಲಿ, ಬೇರೆಯ ತಿಂಡಿಯ ಮೇಲೆ, ಅದೇ ಅಡುಗೆಮನೆಗೆ ಮರಳಿ ಬಂತು. ಇದನ್ನು ಕೇವಲ ಕಲಬೆರಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಬಾಗುವಿಕೆಯೇ ೧೯೬೦ರ ದಶಕದ ಉತ್ತರಾರ್ಧದಲ್ಲಿ ದಕ್ಷಿಣದವರ ವಿರುದ್ಧ ಮುಂಬಯಿಯಲ್ಲಿ ಎದ್ದ ಗಲಭೆಗಳಲ್ಲಿ ಕಲ್ಲೇಟು ತಿಂದ ಹೋಟೆಲುಗಳು ಮತ್ತೆ ಬಾಗಿಲು ತೆರೆದು ನಿಲ್ಲಲು ಸಹಾಯಕವಾಯಿತೆಂಬುದನ್ನು ಗಮನಿಸಬೇಕು. ಅದಕ್ಕೆ ತೆತ್ತ ಬೆಲೆ ಬೇರೆ: ಹಲಗೆಯ ಮೇಲಿನ ‘ಉಡುಪಿ’ ಎಂಬುದು ಊರಿನ ಹೆಸರಾಗಿ ಉಳಿಯದೆ ಒಂದು ಬಗೆಯ ಅಂಗಡಿಯ ಹೆಸರಾಯಿತು, ತುಳುವರ, ಕೊಂಕಣಿಗರ, ಮೈಸೂರಿನವರ, ತಮಿಳರ ಅಡುಗೆಗಳೆಲ್ಲ ‘ಸೌತ್ ಇಂಡಿಯನ್’ ಎಂಬ ಒಂದೇ ತಟ್ಟೆಯಲ್ಲಿ ಬೆರೆತು ಹೋದವು.

ನೆರೆಯವರ ಪದ್ಧತಿಯನ್ನು ನೋಡಿದರೆ ಹೋಲಿಕೆ ಸ್ಪಷ್ಟವಾಗುತ್ತದೆ. ದಾದರು, ಗಿರಗಾಂವಗಳ ಮರಾಠಿ ಉಪಾಹಾರಗೃಹಗಳು ಹಬ್ಬಕ್ಕಿಂತ ಉಪವಾಸವನ್ನೇ ಚೆನ್ನಾಗಿ ಮಾರುತ್ತವೆಂದರೆ ತಪ್ಪಲ್ಲ. ಆಷಾಢ ಏಕಾದಶಿಯಂದು, ಶ್ರಾವಣ ಸೋಮವಾರಗಳಂದು, ಶಿವರಾತ್ರಿಯಂದು ಸಾಬುದಾಣೆಯ ಖಿಚಡಿ, ಸಾಬುದಾಣೆಯ ವಡೆ, ಗೆಣಸು, ಶೇಂಗಾ, ಆಲೂಗಡ್ಡೆಗಳ ತಟ್ಟೆ ಸಿದ್ಧವಾಗಿರುತ್ತದೆ. ಹಳೆಯ ಧಾನ್ಯಗಳನ್ನು ಬಿಡುವುದೇ ಉಪವಾಸದ ತತ್ತ್ವ. ಸಾಬುದಾಣೆಯ ಮೂಲವಾದ ಮರಗೆಣಸು, ಶೇಂಗಾ, ಆಲೂಗಡ್ಡೆ, ಮೆಣಸಿನಕಾಯಿ, ಸಿಹಿಗೆಣಸು ಇವೆಲ್ಲ ಅಮೆರಿಕಾ ಖಂಡದಿಂದ ಪೋರ್ಚುಗೀಸರು ಮೊದಲಾದವರ ಹಡಗುಗಳಲ್ಲಿ ಈಚೆಗೆ ಬಂದಂಥವು. ಶಾಸ್ತ್ರಕಾರರಿಗೆ ಇವುಗಳ ಹೆಸರೇ ತಿಳಿದಿರಲಿಲ್ಲವಾದ್ದರಿಂದ ನಿಷೇಧದ ಪಟ್ಟಿಯಲ್ಲಿ ಇವು ಇಲ್ಲ. ಹೀಗೆ ಅತ್ಯಂತ ಹೊಸ ಪದಾರ್ಥಗಳೇ ಅತ್ಯಂತ ಪವಿತ್ರವಾದ ದಿನದ ಆಹಾರವಾದವು. ಇಂದು ಆ ಸಾಬುದಾಣೆ ಬಹುಮಟ್ಟಿಗೆ ತಮಿಳುನಾಡಿನ ಸೇಲಂ ಸೀಮೆಯಿಂದ ಬರುತ್ತದೆ. ಅಂದಮೇಲೆ ಮರಾಠಿ ವ್ರತದ ತಟ್ಟೆಯಲ್ಲಿ ದಕ್ಷಿಣ ಭಾರತವು ಯಾರ ಗಮನಕ್ಕೂ ಬಾರದಂತೆ ಕುಳಿತಿದೆ. ಇದಕ್ಕೆದುರಾಗಿ, ಉಡುಪಿಯ ಕೃಷ್ಣಮಠದಲ್ಲಿ ಏಕಾದಶಿಯಂದು ಊಟವೇ ಇಲ್ಲ. ನಿಷ್ಠಾವಂತ ಮಾಧ್ವನಿಗೆ ಅಂದು ನೀರೂ ವರ್ಜ್ಯ. ಕೃಷ್ಣನ ಪಟವನ್ನು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ ಮುಂಬಯಿಯ ಉಡುಪಿ ಹೋಟೆಲು ಏಕಾದಶಿಯಂದು ಬಾಗಿಲು ಮುಚ್ಚುವುದಿಲ್ಲ. ಸಾಬುದಾಣೆಯ ವಡೆಯನ್ನು ಕರಿಯುತ್ತದೆ. ಗಿರಾಕಿಯ ಪಂಚಾಂಗವೇ ಹೋಟೆಲಿನ ಪಂಚಾಂಗ.

ಮಹಮ್ಮದಾಲಿ ರಸ್ತೆಯ ರಂಜಾನಿನಲ್ಲಿ ಮಾತ್ರ ಇನ್ನೂ ಗಡಿಯಾರವೇ ದೊಡ್ಡದು. ಮಿನಾರಾ ಮಸೀದಿಯ ಪಕ್ಕದ ಓಣಿಯಲ್ಲಿ ಸೂರ್ಯಾಸ್ತದ ಹೊತ್ತಿಗೆ ಖರ್ಜೂರದಿಂದ ಆರಂಭವಾದದ್ದು ಕಬಾಬು, ನಿಹಾರಿ, ಫಿರ್ನಿ, ಮಾಲ್ಪುವಾಗಳ ಮೂಲಕ ಅಪರಾತ್ರಿಯವರೆಗೂ ನಡೆಯುತ್ತದೆ. ತಿಂಗಳು ಮುಗಿದರೆ ಆ ಬೀದಿ ಮತ್ತೆ ಬರಿಯ ಬೀದಿ. ಉಪವಾಸವಿರದ ಕುತೂಹಲಿಗಳ ಗುಂಪೇ ಈಗ ಅಲ್ಲಿ ದೊಡ್ಡದೆಂಬ ಗೊಣಗಾಟ ಕೇಳಿಬರುವುದುಂಟು. ಆದರೂ ಅಲ್ಲಿನ ಅಂಗಡಿಯು ಹಬ್ಬಕ್ಕೆ ಅಧೀನವಾಗಿದೆಯೇ ಹೊರತು ಹಬ್ಬವು ಅಂಗಡಿಗೆ ಅಧೀನವಾಗಿಲ್ಲ. ಪಾರಸಿಗಳದು ಇನ್ನೊಂದು ಬಗೆ: ಮದುವೆಯ ಭೋಜನದ ಎಲೆಯಲ್ಲಿ ಸುತ್ತಿದ ಮೀನು, ಕಸ್ಟರ್ಡುಗಳನ್ನು ಅವರು ಬಹುಮಟ್ಟಿಗೆ ತಮ್ಮ ಬಾಗುಗಳೊಳಗೇ ಇಟ್ಟುಕೊಂಡರು, ಇರಾನಿ ಹೋಟೆಲಿನಲ್ಲಿ ಊರಿಗೆ ಸಿಕ್ಕಿದ್ದು ಚಹ ಮತ್ತು ಮಸ್ಕಾ ಪಾವ್.

ಕನ್ನಡ ನೆಲದಿಂದ ಬಂದವರಲ್ಲಿ ಹೋಟೆಲಿನ ತರ್ಕಕ್ಕೆ ಮಣಿಯದ ಒಂದು ಭೋಜನವೂ ಉಳಿದಿದೆ. ಕಿಂಗ್ಸ್ ಸರ್ಕಲ್ ಮತ್ತು ವಡಾಲಾಗಳಲ್ಲಿ ಗೌಡ ಸಾರಸ್ವತರು ೧೯೫೦ರ ದಶಕದಿಂದ ನಡೆಸಿಕೊಂಡು ಬಂದಿರುವ ಗಣೇಶೋತ್ಸವಗಳಲ್ಲಿ ಸಾವಿರಾರು ಜನ ಬಾಳೆಯೆಲೆಯ ಮುಂದೆ ಕುಳಿತು ಪ್ರಸಾದವನ್ನು ಉಣ್ಣುತ್ತಾರೆ. ಆ ದಿನಗಳಲ್ಲಿ ಮಾಟುಂಗದ ಮಾರುಕಟ್ಟೆಯಲ್ಲಿ ಹಲಸಿನೆಲೆ, ಅರಿಸಿನದೆಲೆ, ಕೆಸುವಿನೆಲೆಗಳು ಕಾಣಿಸಿಕೊಳ್ಳುತ್ತವೆ. ಬಡಿಸುವವರಲ್ಲಿ ಉಳಿದ ದಿನಗಳಲ್ಲಿ ಬೇರೆಯವರಿಂದ ಬಡಿಸಿಕೊಳ್ಳುವ ಉದ್ಯಮಿಗಳೂ ಇರುತ್ತಾರೆ. ಬೆಲೆಯಿಲ್ಲದ ಊಟವನ್ನು ಹೇಗೆ ಬಡಿಸಬೇಕೆಂಬುದು ಆ ಒಂದು ವಾರದ ಮಟ್ಟಿಗೆ ಅವರಿಗೆ ನೆನಪಿರುತ್ತದೆ.

ಆದರೆ ಈ ವಿಮರ್ಶೆಯ ನಿಜವಾದ ಗಂಟು ಇರುವುದು ಚೌತಿಯಲ್ಲಲ್ಲ, ಆಟಿಯಲ್ಲಿ. ತುಳುನಾಡಿನ ಆಟಿ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ, ಹಬ್ಬದ ತಿಂಗಳಾಗಿರಲಿಲ್ಲ. ಬಿಡದೆ ಸುರಿಯುವ ಮಳೆ, ಬರಿದಾದ ಕಣಜ, ಗದ್ದೆಯಲ್ಲಿ ಕೂಲಿಯಿಲ್ಲದ ದಿನಗಳು. ಮದುವೆ ಮುಂಜಿಗಳು ಆ ತಿಂಗಳಲ್ಲಿ ನಡೆಯುತ್ತಿರಲಿಲ್ಲ. ಜನ ಬದುಕಿದ್ದು ಬೇಲಿಯ ಬದಿಯ ತಗಟೆ ಸೊಪ್ಪಿನಿಂದ, ಕೆಸುವಿನಿಂದ, ಕಣಿಲೆಯಿಂದ, ಬೇಸಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ತೊಳೆಯಿಂದ, ಒಣಗಿಸಿಟ್ಟ ಹಲಸಿನ ಬೀಜದಿಂದ. ಆಟಿ ಅಮಾವಾಸ್ಯೆಯಂದು ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ತಂದು ಕಷಾಯ ಮಾಡಿ ಕುಡಿದು, ಮೇಲೆ ಮೆಂತೆಯ ಗಂಜಿ ಉಣ್ಣುವುದು ರೋಗದ ಭಯದಿಂದ ಹುಟ್ಟಿದ ಆಚಾರ. ಮುಂಬಯಿಗೆ ಹೋಟೆಲು ಹುಡುಗರನ್ನು ಕಳಿಸಿದ ಕಾರಣಗಳಲ್ಲಿ ಈ ತಿಂಗಳಿನ ಹಸಿವೂ ಒಂದು.

ಈಗ ಇದೇ ಮುಂಬಯಿಯಲ್ಲಿ ತುಳುವರ ಸಂಘ ಸಂಸ್ಥೆಗಳು ‘ಆಟಿಡೊಂಜಿ ದಿನ’ವನ್ನು ಆಚರಿಸುತ್ತವೆ. ಸಭಾಂಗಣದಲ್ಲಿ ಪತ್ರೊಡೆ, ತಗಟೆಯ ಪಲ್ಯ, ಕಣಿಲೆಯ ಗಸಿ, ಹಲಸಿನ ಬೀಜದ ಚಟ್ನಿ ಹತ್ತಾರು ಪಾತ್ರೆಗಳಲ್ಲಿ ಸಾಲುಗಟ್ಟುತ್ತವೆ, ಒಂದೊಂದು ಮನೆಯಿಂದ ಒಂದೊಂದು ಬಗೆ, ಉಂಡು ಮಿಕ್ಕುವಷ್ಟು. ಇಲ್ಲದ ತಿಂಗಳು ಇರುವ ತಿಂಗಳಾಯಿತು. ಇದನ್ನು ಅಣಕವೆಂದು ಖಂಡಿಸಿದವರಿದ್ದಾರೆ. ಸಂಸ್ಕೃತಿಯ ರಕ್ಷಣೆಯೆಂದು ಕೊಂಡಾಡಿದವರು ಇನ್ನೂ ಹೆಚ್ಚು. ಖಂಡನೆ ನ್ಯಾಯವಲ್ಲ. ಹಸಿವಿನ ಅಡುಗೆಯನ್ನು ಹೊಟ್ಟೆ ತುಂಬಿದ ಮೇಲೂ ಮರೆಯದಿರುವುದರಲ್ಲಿ ಒಂದು ಗೌರವವಿದೆ; ತಗಟೆ ಸೊಪ್ಪನ್ನು ಹೇಗೆ ಹೆಚ್ಚಬೇಕು, ಕಣಿಲೆಯ ಕಹಿಯನ್ನು ಎಷ್ಟು ದಿನ ನೀರಿನಲ್ಲಿಟ್ಟು ಕಳೆಯಬೇಕು ಎಂಬ ಜ್ಞಾನವು ಇಂಥ ದಿನದ ನೆಪದಲ್ಲಾದರೂ ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತದೆ. ಕೊರತೆ ಇರುವುದು ಬೇರೆಡೆ. ವೇದಿಕೆಯ ಭಾಷಣಗಳಲ್ಲಿ ಆಟಿಯು ಪೂರ್ವಿಕರ ಆರೋಗ್ಯಶಾಸ್ತ್ರವಾಗಿ, ಪ್ರಕೃತಿಯೊಡನೆಯ ಸಾಮರಸ್ಯವಾಗಿ ವರ್ಣಿತವಾಗುತ್ತದೆ. ಯಾರ ಕಣಜ ಬರಿದಾಗಿತ್ತು, ಯಾರದು ಬರಿದಾಗಿರಲಿಲ್ಲ ಎಂಬ ಪ್ರಶ್ನೆ ಏಳುವುದು ವಿರಳ. ಗೇಣಿಯ ಅಕ್ಕಿ ಅಳೆದ ಒಕ್ಕಲಿನ ಆಟಿಯೂ ಅದನ್ನು ಅಳೆಸಿಕೊಂಡ ಧಣಿಯ ಆಟಿಯೂ ಒಂದೇ ಆಗಿರಲಿಲ್ಲ. ೧೯೭೪ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಭೂಮಿ ಕಳೆದುಕೊಂಡ ಮನೆತನಗಳ ಮಕ್ಕಳೂ ಹೋಟೆಲು ಉದ್ಯಮಕ್ಕೆ ಇಳಿದರು. ಹೀಗಾಗಿ ಮುಂಬಯಿಯ ಆಟಿ ಊಟದ ಸಾಲಿನಲ್ಲಿ ಒಕ್ಕಲಿನ ಮೊಮ್ಮಗನೂ ಧಣಿಯ ಮೊಮ್ಮಗನೂ ಒಂದೇ ಸೊಪ್ಪಿನ ಪಲ್ಯವನ್ನು ಒಂದೇ ನೆನಪೆಂಬಂತೆ ಬಡಿಸಿಕೊಳ್ಳುತ್ತಾರೆ. ಹಳೆಯ ಹಬ್ಬದೂಟಕ್ಕೆ ಪಂಕ್ತಿಯಿತ್ತು. ಹಳೆಯ ಹಸಿವಿಗೂ ಇತ್ತು. ಮೊದಲನೆಯದು ಮುರಿದುದು ಲಾಭ. ಎರಡನೆಯದನ್ನು ಮರೆಯುವುದು ಲಾಭವೆಂದು ಹೇಳಲಾಗದು.

ಈ ಮರೆವಿಗೆ ಸಾಹಿತ್ಯವೂ ಸ್ವಲ್ಪ ಹೊಣೆ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಇವರ ಕೈಯಲ್ಲಿ ಮುಂಬಯಿಯ ಕಚೇರಿ, ಚಾಳು, ಲೋಕಲ್ ರೈಲು, ಬೀದಿಗಳು ಕನ್ನಡದ ಅನುಭವವಾಗಿ ಬೆಳೆದವು. ಹೋಟೆಲಿನ ಒಲೆಯ ಮನೆ ಮಾತ್ರ ಆ ಪ್ರಮಾಣದಲ್ಲಿ ಒಳಗೆ ಬರಲಿಲ್ಲ. ಸಂಶೋಧಕರೂ ಹೋಟೆಲು ಮಾಲೀಕರ ಚರಿತ್ರೆ, ರಾತ್ರಿಶಾಲೆಗಳ ಚರಿತ್ರೆ, ಸಂಘಗಳ ಚರಿತ್ರೆಗಳಿಗೆ ಕೊಟ್ಟ ಗಮನವನ್ನು ಅಡುಗೆಭಟ್ಟನಿಗೆ ಕೊಟ್ಟಿಲ್ಲ. ೧೬ನೆಯ ಶತಮಾನದ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದಾಗ ಪಾಕವನ್ನು ಕಾವ್ಯದ ಘನತೆಗೆ ತಕ್ಕ ವಸ್ತುವೆಂದೇ ಎಣಿಸಿದ್ದನು. ಆ ಪರಂಪರೆಯ ಭಾಷೆಯಲ್ಲಿ, ಮಾಟುಂಗದ ಒಂದು ಅಡುಗೆಮನೆಯು ಮಳೆಗಾಲದ ಹಿಟ್ಟಿಗೂ ಚಳಿಗಾಲದ ಹಿಟ್ಟಿಗೂ ಉದ್ದಿನ ಅಳತೆಯನ್ನು ಹೇಗೆ ಬದಲಿಸುತ್ತದೆ, ಪಡಿತರದ ವರ್ಷಗಳಲ್ಲಿ ಅಕ್ಕಿಯ ಜಾಗಕ್ಕೆ ಏನನ್ನು ಹಾಕಿದರು, ಚೌತಿಯ ದಿನ ಊರಿಗೆ ಹೋಗಲಾಗದ ಮಾಣಿಗಳಿಗೆ ಒಳಗೆ ಏನು ಬಡಿಸುತ್ತಿದ್ದರು ಎಂಬುದರ ದಾಖಲೆ ಇನ್ನೂ ಆಗಬೇಕಾಗಿದೆ.

ಅದಕ್ಕೆ ಸಮಯ ಹೆಚ್ಚಿಲ್ಲ. ಕಲ್ಲಿನಲ್ಲಿ ರುಬ್ಬಿದವರ ತಲೆಮಾರು ಬಹುಮಟ್ಟಿಗೆ ಕಳೆದುಹೋಗಿದೆ. ಕರಾವಳಿಯ ಹುಡುಗರು ಈ ಕೆಲಸಕ್ಕೆ ಬರುವುದು ಕಡಮೆಯಾಗಿದೆ. ಇಂದು ಮುಂಬಯಿಯ ಅನೇಕ ಉಡುಪಿ ಹೋಟೆಲುಗಳ ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುವವರು ಉತ್ತರಪ್ರದೇಶ, ಬಿಹಾರ, ಒಡಿಶಾಗಳಿಂದ ಬಂದವರು. ಛಠ್ ಹಬ್ಬಕ್ಕೆ ರಜೆ ಸಿಕ್ಕವರು ಊರಿಗೆ ಹೋಗುತ್ತಾರೆ. ಸಿಗದವರು ಅಂದೂ ಹಿಟ್ಟು ಕಲಸುತ್ತಾರೆ. ಮನೆಯಲ್ಲಿ ತಾಯಿ ಅಂದು ಮಾಡುವ ಠೇಕುವಾ ಎಂಬ ಸಿಹಿಯ ಹೆಸರು ಆ ಹೋಟೆಲಿನ ತಿಂಡಿಗಳ ಪಟ್ಟಿಯಲ್ಲಿ ಇಲ್ಲ.